ಪಕ್ಕದ ಮಂಚದ ಅಜ್ಜ ಹೇಳಿದ ರೈಲು

2020ರ ಮಾರ್ಚ್‌ನಲ್ಲಿ ನಾನು ಉತ್ತರ ಇಟಲಿಯ ತ್ರೆಂತೊದಲ್ಲಿದ್ದೆ. ನಾನು ಧಾರವಾಡದವಳು. ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ದುಡಿದು, ಸಂಶೋಧನೆಗೆಂದು ಅಲ್ಲಿಗೆ ಹೋಗಿದ್ದೆ. ವಿಷಯ, ಅಲ್ಚಿದೆ ದೆ ಗಾಸ್ಪೆರಿ. ಎರಡನೇ ಮಹಾಯುದ್ಧದಲ್ಲಿ ನೆಲಕಚ್ಚಿದ ಇಟಲಿಯನ್ನು ಪ್ರಧಾನಿಯಾಗಿ ಮತ್ತೆ ಎಬ್ಬಿಸಿದವರು. ನನ್ನನ್ನು ಹಿಡಿದಿದ್ದು ಅವರ ಪತ್ರಿಕಾ ವೃತ್ತಿ. 1905ರಲ್ಲಿ, ಇಪ್ಪತ್ನಾಲ್ಕನೇ ವಯಸ್ಸಿಗೆ, ಅದೇ ಊರಿನ ಕ್ಯಾಥೊಲಿಕ್ ಪತ್ರಿಕೆಗೆ ಅವರು ಸಂಪಾದಕರಾದರು. ಆಗ ತ್ರೆಂತೊ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು. ಇಟಾಲಿಯನ್ ಮಾತಾಡುವ ಜನರ ಪರವಾಗಿ ಬರೆಯುತ್ತ ಬರೆಯುತ್ತಲೇ ಅವರು ರಾಜಕೀಯಕ್ಕೆ ಇಳಿದರು. 1911ರಲ್ಲಿ ವಿಯೆನ್ನಾದ ಸಂಸತ್ತಿಗೂ ಆಯ್ಕೆಯಾದರು.

ಮಾರ್ಚ್ 9ರ ರಾತ್ರಿ ಇಡೀ ದೇಶಕ್ಕೆ ಲಾಕ್‌ಡೌನ್ ಘೋಷಣೆಯಾಯಿತು. ಗ್ರಂಥಾಲಯದ ಬಾಗಿಲು ಮುಚ್ಚಿತು. 11ರ ರಾತ್ರಿ ಅಂಗಡಿಗಳನ್ನೂ ಮುಚ್ಚಲು ಆದೇಶ ಬಂತು. ಆಗ ನನ್ನ ಮೇಜಿನ ಮೇಲಿದ್ದದ್ದು ದೆ ಗಾಸ್ಪೆರಿ ಜೈಲಿನಿಂದ ಹೆಂಡತಿಗೆ ಬರೆದ ಪತ್ರಗಳ ಪುಸ್ತಕ. ಅವರನ್ನು ಬಂಧಿಸಿದ್ದೂ 1927ರ ಮಾರ್ಚ್ 11ರಂದೇ. ಹೆಂಡತಿ ಫ್ರಾಂಚೆಸ್ಕಾ ಜೊತೆ ರೈಲಿನಲ್ಲಿ ಹೋಗುತ್ತಿದ್ದಾಗ ಮುಸೊಲಿನಿಯ ಪೊಲೀಸರು ಹಿಡಿದರು. ಕದ್ದು ದೇಶ ಬಿಡಲು ಹೊರಟಿದ್ದರು ಎಂಬುದು ಆರೋಪ. ಅಷ್ಟರಲ್ಲಿ ಅವರ ಪತ್ರಿಕೆಯನ್ನು ಮುಚ್ಚಿಸಿಯಾಗಿತ್ತು, ಪಕ್ಷವನ್ನು ವಿಸರ್ಜಿಸಿಯಾಗಿತ್ತು. ನಾಲ್ಕು ವರ್ಷದ ಶಿಕ್ಷೆ ಬಿತ್ತು. ಮೇಲ್ಮನವಿಯಲ್ಲಿ ಅದು ಎರಡೂವರೆ ವರ್ಷಕ್ಕಿಳಿಯಿತು. ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳಿದ್ದರು.

ಆ ಭಾಗದ ಟಿಪ್ಪಣಿ ಮಾಡುತ್ತಿರುವಾಗಲೇ ನನಗೆ ಜ್ವರ ಬಂತು. ಕಾಫಿಯ ವಾಸನೆ ತಿಳಿಯದಾಯಿತು. ಕೋಣೆಯಲ್ಲಿ ಒಬ್ಬಳೇ ಇದ್ದೆ. ಕೆಳಮನೆಯ ಹೆಂಗಸು ಬಾಗಿಲ ಹೊರಗೆ ಸೂಪು ಇಟ್ಟು, ಬೆಲ್ ಒತ್ತಿ, ನಾನು ಬಾಗಿಲು ತೆಗೆಯುವ ಮೊದಲೇ ಇಳಿದು ಹೋಗುತ್ತಿದ್ದರು. ದಿನವೂ ಸಂಜೆ ಆರಕ್ಕೆ ಸರ್ಕಾರ ಸತ್ತವರ ಲೆಕ್ಕ ಹೇಳುತ್ತಿತ್ತು. ಆಮೇಲಾಮೇಲೆ ಟಿವಿ ಹಾಕುವುದನ್ನೇ ಬಿಟ್ಟೆ. ಊರಿಗೆ ಹೋಗುವ ದಾರಿಯೂ ಇರಲಿಲ್ಲ. ಮಾರ್ಚ್ 22ರಿಂದ ಭಾರತಕ್ಕೆ ವಿಮಾನಗಳು ಇಳಿಯುವುದು ನಿಂತಿತ್ತು. ಅವ್ವನಿಗೆ ಫೋನಿನಲ್ಲಿ ಬರೀ ನೆಗಡಿ ಅಂದೆ. ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು. ಅವ್ವ ಏನೂ ಕೇಳಲಿಲ್ಲ. ಅವಳಿಗೆ ಗೊತ್ತಾಗಿತ್ತು.

ಒಂದು ರಾತ್ರಿ ಮಂಚದಿಂದ ಬಚ್ಚಲಿಗೆ ನಡೆಯಲು ಆಗಲಿಲ್ಲ. ಆಂಬ್ಯುಲೆನ್ಸ್‌ಗೆ ಕರೆ ಮಾಡಿದೆ.

ಆಸ್ಪತ್ರೆಯಲ್ಲಿ ತಲೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಹೆಲ್ಮೆಟ್ ತೊಡಿಸಿದರು. ಕೊರಳಿಗೆ ಬಿಗಿಯಾದ ರಬ್ಬರ್ ಪಟ್ಟಿ. ಹೆಲ್ಮೆಟ್ ಮೇಲೇಳದಂತೆ ಕಂಕುಳ ಕೆಳಗಿನಿಂದ ಎರಡು ಬೆಲ್ಟು. ಒಳಗೆ ಗಾಳಿ ನುಗ್ಗುವ ಸದ್ದು ಹಗಲೂ ರಾತ್ರಿ ನಿಲ್ಲುವುದಿಲ್ಲ. ಕಿವಿಗೆ ಏನೋ ತುರುಕಿದ್ದರು, ಆದರೂ ಕೇಳುತ್ತಿತ್ತು. ಮೂಗು ತುರಿಸಿದರೆ ಕೈ ತಲುಪದು. ನೀರು ಬೇಕೆಂದರೆ ಬದಿಯ ಸಣ್ಣ ರಂಧ್ರದಿಂದ ಕೊಳವೆ ತೂರಿಸಿ ಕುಡಿಸುತ್ತಿದ್ದರು. ಕಂಕುಳಲ್ಲಿ ಬೆಲ್ಟು ಒತ್ತಿದಲ್ಲಿ ಹುಣ್ಣಾಯಿತು. ಅದೇ ಹೆಚ್ಚು ನೋಯುತ್ತಿತ್ತು.

ಸಾಯುವ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಿನ ಹೆದರಿಕೆ ಇನ್ನೊಂದಿತ್ತು. ಕೊನೆಗೆ ಜ್ವರದಲ್ಲಿ ನಾನು ಕನ್ನಡದಲ್ಲಿ ಮಾತಾಡಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಅನ್ನುವುದು. ರಾತ್ರಿ ಪಾಳಿಯ ನರ್ಸ್ ತನ್ನ ಬಿಳಿ ಉಡುಪಿನ ಎದೆಯ ಮೇಲೆ ಮಾರ್ಕರ್‌ನಿಂದ ಹೆಸರು ಬರೆದುಕೊಂಡಿದ್ದಳು. ಮುಖ ಕಾಣುತ್ತಿರಲಿಲ್ಲ. ನನ್ನ ಹೆಸರನ್ನು ಸರಿಯಾಗಿ ಕರೆಯಲು ನನ್ನಿಂದಲೇ ಮತ್ತೆ ಮತ್ತೆ ಹೇಳಿಸಿ ಕಲಿತಳು. ಎರಡು ಪದರದ ಕೈಗವಸಿನಲ್ಲೇ ನನ್ನ ಕೈ ಹಿಡಿದು ಕೂರುತ್ತಿದ್ದಳು.

ಪುಸ್ತಕ ಕೋಣೆಯಲ್ಲೇ ಉಳಿದಿತ್ತು. ಓದಿದ್ದು ಮಾತ್ರ ತಲೆಯಲ್ಲಿತ್ತು. ದೆ ಗಾಸ್ಪೆರಿಯವರ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆ ಸಲ್ಲದು. ಅವರನ್ನು ಮನುಷ್ಯರೇ ಕೂಡಿಹಾಕಿದ್ದರು. ನನ್ನನ್ನು ಮನುಷ್ಯರು ಉಳಿಸಲು ಒದ್ದಾಡುತ್ತಿದ್ದರು. ಆದರೂ ಅವರ ಬದುಕಿನ ಮುಂದಿನ ಭಾಗವನ್ನು ಮನಸ್ಸಿನಲ್ಲೇ ಸಾಲಾಗಿ ಹೇಳಿಕೊಳ್ಳುತ್ತಿದ್ದೆ. ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡಿಕೊಳ್ಳಲು ನನಗಿದ್ದ ದಾರಿ ಅದೊಂದೇ. ರೋಮಿನ ರೆಜಿನಾ ಚೇಲಿ ಜೈಲು. ಆರೋಗ್ಯ ಕೆಟ್ಟು, ಕಾವಲಿನಲ್ಲೇ ಆಸ್ಪತ್ರೆವಾಸ. 1928ರ ಜುಲೈನಲ್ಲಿ ಬಿಡುಗಡೆ. ಹೊರಬಂದರೂ ಬೆನ್ನ ಹಿಂದೆ ಪೊಲೀಸರು. ಕೆಲಸ ಕೊಡುವವರಿಲ್ಲ. ಜರ್ಮನ್ ಪುಸ್ತಕಗಳ ಅನುವಾದ. 1929ರಲ್ಲಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಸಣ್ಣ ನೌಕರಿ, ಪುಸ್ತಕಗಳ ಸೂಚಿ ಕಾರ್ಡು ಬರೆಯುವುದು. ಸಂಸತ್ತಿನಲ್ಲಿ ಪಕ್ಷವೊಂದನ್ನು ಮುನ್ನಡೆಸಿದ್ದವರು ಒಂದೊಂದೇ ಕಾರ್ಡು ಬರೆಯುತ್ತ ಕೂತರು. ಸ್ವಂತ ಹೆಸರಿನಲ್ಲಿ ಬರೆಯುವಂತಿರಲಿಲ್ಲ. ‘ಸ್ಪೆಕ್ಟೇಟರ್’ ಎಂಬ ಹೆಸರಿನಲ್ಲಿ ವ್ಯಾಟಿಕನ್ನಿನ ಪಾಕ್ಷಿಕವೊಂದಕ್ಕೆ ಲೋಕದ ವಿದ್ಯಮಾನ ಬರೆದರು. 1943ರಲ್ಲಿ ಮುಸೊಲಿನಿ ಬೀಳುವವರೆಗೂ ಹೀಗೇ ನಡೆಯಿತು. ಚರಿತ್ರೆಯ ಪುಸ್ತಕಗಳು ಈ ವರ್ಷಗಳನ್ನು ಒಂದು ಪ್ಯಾರಾದಲ್ಲಿ ದಾಟಿಬಿಡುತ್ತವೆ. 1945ರಿಂದ 1953ರವರೆಗೆ ಸಾಲಾಗಿ ಎಂಟು ಸರ್ಕಾರ ನಡೆಸಿದ್ದನ್ನು ಮಾತ್ರ ಅಧ್ಯಾಯಗಟ್ಟಲೆ ಬರೆಯುತ್ತವೆ. ಆ ಕಾರ್ಡುಗಳ ವರ್ಷಗಳೇ ಹೆಚ್ಚು ಕಠಿಣ ಎಂದು ನನಗೆ ಅಲ್ಲಿ ಮಲಗಿದ್ದಾಗ ಅನಿಸಿತು. ಈಗಲೂ ಅನಿಸುತ್ತದೆ.

ಹೆಲ್ಮೆಟ್ ತೆಗೆದ ಮೇಲೆ ಪಕ್ಕದ ಮಂಚದ ಅಜ್ಜನ ಮಾತು ಕೇಳಿಸತೊಡಗಿತು. ಅವನಿಗೆ ಮೂಗಿನ ಕೊಳವೆಯಲ್ಲಿ ಆಮ್ಲಜನಕ ಕೊಡುತ್ತಿದ್ದರು. ಅವನ ಕಡೆಯ ಆಡುನುಡಿ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಇಲ್ಲಿ ಏನು ಓದುತ್ತಿ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಅವರ ರೈಲು ನೋಡಿದ್ದೇನೆ’ ಅಂದ.

1954ರ ಆಗಸ್ಟ್ 19ರಂದು ದೆ ಗಾಸ್ಪೆರಿ ವಲ್ಸುಗಾನ ಕಣಿವೆಯ ಸೆಲ್ಲಾದಲ್ಲಿ ತೀರಿಕೊಂಡರು. ಅವರ ದೇಹವನ್ನು ರೈಲಿನಲ್ಲಿ ರೋಮಿಗೆ ಒಯ್ದರು. ದಾರಿಯುದ್ದಕ್ಕೂ ಜನ ನಿಂತಿದ್ದರು. ಅಜ್ಜನಿಗೆ ಆಗ ಎಂಟು ವರ್ಷ. ರೊವೆರೆತೊ ಹತ್ತಿರ ಹಳಿಯ ಪಕ್ಕದಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದನಂತೆ. ಅಪ್ಪ ಕಮ್ಯುನಿಸ್ಟ್. ಬದುಕಿಡೀ ದೆ ಗಾಸ್ಪೆರಿಯ ವಿರುದ್ಧ ಮತ ಹಾಕಿದವನು. 1947ರಲ್ಲಿ ಅವರು ಕಮ್ಯುನಿಸ್ಟರನ್ನು ಸರ್ಕಾರದಿಂದ ಹೊರಗಿಟ್ಟಿದ್ದನ್ನು ಎಂದೂ ಕ್ಷಮಿಸಲಿಲ್ಲ. ಆದರೂ ರೈಲು ಬಂದಾಗ ಟೋಪಿ ತೆಗೆದ. ಯಾಕೆ ಎಂದು ಮಗ ಕೇಳಿದ್ದಕ್ಕೆ, ‘ಅವರೂ ಜೈಲು ಕಂಡವರು’ ಅಂದನಂತೆ.

ಇಷ್ಟು ಹೇಳಲು ಅಜ್ಜನಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಡುನಡುವೆ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದ. ಮುಂದಿನ ರಾತ್ರಿ ಅವನನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಮಂಚ ತಳ್ಳುವಾಗ ನನ್ನ ಕಡೆ ಕೈ ಎತ್ತಿದ. ನಾನೂ ಎತ್ತಿದೆ.

ಏಪ್ರಿಲ್‌ನಲ್ಲಿ ನನ್ನನ್ನು ಮನೆಗೆ ಕಳಿಸಿದರು. ಮೆಟ್ಟಿಲು ಹತ್ತಲು ಕೆಳಮನೆಯ ಹೆಂಗಸು ಹಿಂದಿನಿಂದ ಆಸರೆ ಕೊಟ್ಟರು. ಅವ್ವನಿಗೆ ಅಂದು ಎಲ್ಲ ಹೇಳಿದೆ. ಕೂದಲು ಉದುರಿತು. ಬೇಸಿಗೆ ಮುಗಿಯುವವರೆಗೂ ಕಾಫಿಯ ವಾಸನೆ ಬರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಅಜ್ಜನ ಬಗ್ಗೆ ಕೇಳಿದೆ. ಸಂಬಂಧಿಕರಲ್ಲದವರಿಗೆ ಏನೂ ಹೇಳುವಂತಿಲ್ಲ ಎಂದರು. ಅವರದು ಸರಿಯೇ. ನನಗೆ ಅವನ ಮನೆತನದ ಹೆಸರೂ ಗೊತ್ತಿರಲಿಲ್ಲ.

ಗ್ರಂಥಾಲಯ ತೆರೆದ ಮೇಲೆ ಜೈಲಿನ ಅಧ್ಯಾಯ ಬರೆದು ಮುಗಿಸಿದೆ. ಅಜ್ಜನ ಮಾತನ್ನು ಅಡಿಟಿಪ್ಪಣಿಯಾಗಿ ಸೇರಿಸಿದ್ದೆ. ಹೆಸರಿಲ್ಲದ ಸಾಕ್ಷಿ, ಪರಿಶೀಲಿಸಲು ಬಾರದ್ದು, ತೆಗೆದುಬಿಡಿ ಎಂದು ಮಾರ್ಗದರ್ಶಕರು ಸೂಚಿಸಿದರು. ತೆಗೆದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.