ಮಾಸಿದ ಗೋಡೆಯ ಬೆಲೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ತೆರುವುದು ಬಹುಕಾಲದ ರೂಢಿ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳಿನದನ್ನು ಮುರಿದುಕೊಳ್ಳುವುದೂ ರೂಢಿಯೇ. ಈಚೆಗೆ ನಮ್ಮಲ್ಲಿಗೆ ಬಂದ ಯುವ ದಂಪತಿಗಳಿಂದ ಮಾಲೀಕರು ಮೂರು ತಿಂಗಳಿನದನ್ನು ಹಿಡಿದುಕೊಂಡಿದ್ದರು. ಕಾರಣ: ಮೊಳೆಯ ತೂತು, ಒಗ್ಗರಣೆಯ ಹೊಗೆ, ಪೂಜೆಯ ಮೂಲೆಯಲ್ಲಿ ವಿಭೂತಿಯ ಕಲೆ. ಮಾಲೀಕರೂ ಇಷ್ಟಲಿಂಗಧಾರಿಗಳೇ! ಹೊಸ ಮನೆಯ ಮುಂಗಡಕ್ಕಾಗಿ ಆ ಹೆಣ್ಣುಮಗಳು ಕೈಬಳೆ ಅಡವಿಟ್ಟಿದ್ದಳು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ. ಒಡೆದ ಗಾಜಿಗೆ ಆತ ಹೊಣೆ, ಮಾಸಿದ ಬಣ್ಣಕ್ಕಲ್ಲ. ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯಿದೆಯಂತೂ ವಾಸದ ಮನೆಗೆ ಎರಡು ತಿಂಗಳ ಮುಂಗಡವನ್ನು ಮೀರಬಾರದೆನ್ನುತ್ತದೆ. ಆದರೆ ಅದು ಬರಿಯ ಮಾದರಿ.

ಬಣ್ಣ ಬಳಿಸಿದ ರಸೀದಿಯನ್ನು ತೋರಿಸುವಂತೆ ನಾವು ಮಾಲೀಕರಿಗೆ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.