ನಮ್ಮ ಮಂಗಳದ ಮನೆಯ ಕರೆಂಟು



ಹೋದ ಶ್ರಾವಣದಲ್ಲಿ ನಾವು ಆರು ಜನ ಒಂದು ದಿನದ ಮಟ್ಟಿಗೆ ಮಂಗಳ ಗ್ರಹಕ್ಕೆ ಹೋಗಿ ಬಂದದ್ದು ನಿಮಗೆಲ್ಲಾ ಗೊತ್ತೇ ಇದೆ. ಅಲ್ಲಿ ಕರೆಂಟು ಯಾಕೆ ಹೋಯಿತು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನೇ ಬರೆಯುತ್ತೇನೆ.

ವಿಜ್ಞಾನದ ಮೇಷ್ಟ್ರು ಹೇಳಿದ ಸಂಗತಿಯಿಂದ ಇದೆಲ್ಲಾ ಶುರುವಾಯಿತು. ಹವಾಯಿ ದ್ವೀಪದ ಮೌನಾ ಲೋವಾ ಎಂಬ ಜ್ವಾಲಾಮುಖಿ ಬೆಟ್ಟದ ಮೇಲೆ ಗುಮ್ಮಟದಂಥ ಮನೆ ಕಟ್ಟಿದ್ದಾರೆ. ಅದರ ಹೆಸರು ಹೈ-ಸೀಸ್. 2015ರ ಆಗಸ್ಟಿನಿಂದ 2016ರ ಆಗಸ್ಟಿನವರೆಗೆ ಆರು ಜನ ಮಂಗಳದಲ್ಲೇ ಇದ್ದೇವೆ ಅನ್ನುವ ಹಾಗೆ ಅದರೊಳಗೆ ಇದ್ದರು. ಹೊರಗೆ ಕಾಲಿಡಬೇಕಾದರೆ ಗಗನಯಾತ್ರಿಗಳ ಥರ ಉಡುಪು ಹಾಕಬೇಕು! ಕರೆಂಟು ಹೆಚ್ಚಾಗಿ ಸೂರ್ಯನಿಂದಲೇ. ಹಗಲು ಬ್ಯಾಟರಿ ತುಂಬಬೇಕು, ರಾತ್ರಿ ಅದರಲ್ಲೇ ಕಳೆಯಬೇಕು. ಮೋಡ ಕವಿದರೆ ಕೈ ಬಿಗಿ ಹಿಡಿಯಬೇಕು.

ನಾವು ಸಾಮಾನಿನ ಕೋಣೆಯ ಕಿಟಕಿಗೆ ಗೋಣಿಚೀಲ ಕಟ್ಟಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಒಳಗೇ ಇರಬೇಕಿತ್ತು. ಹಿಂದಿನ ದಿನ ಪ್ಯಾನೆಲ್ಲಿನಿಂದ ತುಂಬಿಸಿದ ಬ್ಯಾಟರಿ ಒಂದೇ ಗತಿ. ಅದು 12 ವೋಲ್ಟ್, 7 ಆಂಪಿಯರ್-ಗಂಟೆ. ಗುಣಿಸಿದರೆ 84 ವಾಟ್-ಗಂಟೆ. ಪೂರಾ ಖಾಲಿ ಮಾಡಿದರೆ ಬ್ಯಾಟರಿ ಕೆಡುತ್ತದಂತೆ, ಅದಕ್ಕೆ ಅರ್ಧ ಮುಗಿದರೆ ಎಲ್ಲಾ ಆರಿಸಬೇಕು ಅಂದರು ಮೇಷ್ಟ್ರು. ಉಳಿದದ್ದು 42. 5 ವಾಟಿನ ಬಲ್ಬು 6 ಗಂಟೆಗೆ 30. 12 ವಾಟಿನ ಪುಟ್ಟ ಫ್ಯಾನು 1 ಗಂಟೆಗೆ 12. ಸರಿಯಾಗಿ ಕೂತಿತು. ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು, ಗಣಿತದಲ್ಲಿ ನಾನು ಮುಂದು ಅಂತ. (ಜಂಬ ಅಂದುಕೋಬೇಡಿ.)

ಫ್ಯಾನಿನ 1 ಗಂಟೆ ಊಟಕ್ಕೆ ಮುಂಚೆಯೇ ಮುಗಿದಿತ್ತು. ಊಟ ಆದ ಮೇಲೆ ಎಲ್ಲರೂ ಚಾಪೆ ಮೇಲೆ ಮಲಗಿದರು, ನಾನು ಕಾವಲು. ಗೋಣಿಚೀಲದ ವಾಸನೆ, ಸೆಕೆ, ಬೆವರು ಅಂದರೆ ಬೆವರು. ಐದೇ ನಿಮಿಷ ಅಂತ ಫ್ಯಾನು ಹಾಕಿದೆ. ಗಾಳಿ ಬಂತು ನೋಡಿ, ಆರಿಸಲು ಮನಸ್ಸೇ ಬರಲಿಲ್ಲ. ಅರ್ಧ ಗಂಟೆ ಕೂತೆ. ಪುಸ್ತಕದಲ್ಲಿ ಬರೆಯಲಿಲ್ಲ.

ಮೂರಕ್ಕೆ ಇನ್ನೂ ಹನ್ನೆರಡು ನಿಮಿಷ ಇರುವಾಗ ಮೀಟರ್ ನೋಡಿದ ಮೇಷ್ಟ್ರು ಬಲ್ಬು ಆರಿಸಿದರು. ಕತ್ತಲೆ. ನಾನು ಥಟ್ಟನೆ "ನಿನ್ನೆ ಬ್ಯಾಟರಿ ತುಂಬಿಲ್ಲ ಸಾರ್" ಅಂದೆ. ಪ್ಯಾನೆಲ್ಲನ್ನು ಬಿಸಿಲಿಗೆ ತಿರುಗಿಸುವ ಕೆಲಸ ಯಾರದೆಂದು ನಿಮಗೆ ಗೊತ್ತು. ಎಲ್ಲರೂ ಅವಳನ್ನೇ ಬೈದರು. ಅವಳು "ನಾನು ಮೂರು ಸಲ ತಿರುಗಿಸಿದ್ದೆ" ಅಂತ ಅತ್ತಳು. ನಾನು ಸುಮ್ಮನಿದ್ದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಅರ್ಧ ಗಂಟೆ ಫ್ಯಾನು ಅಂದರೆ 6 ವಾಟ್-ಗಂಟೆ. ಬಲ್ಬಿಗೆ ಅದು 1 ಗಂಟೆ 12 ನಿಮಿಷ. ನಮಗೆ ಕಮ್ಮಿ ಬಿದ್ದದ್ದೂ ಅಷ್ಟೇ, ಒಂದು ನಿಮಿಷ ಹೆಚ್ಚಿಲ್ಲ ಕಮ್ಮಿಯಿಲ್ಲ. ಅವಳು ಬ್ಯಾಟರಿ ಸರಿಯಾಗೇ ತುಂಬಿಸಿದ್ದಳು.

ನಿನ್ನೆ ಅವಳಿಗೆ ಹೇಳಿದೆ. ಇನ್ನೂ ಮಾತು ಬಿಟ್ಟಿದ್ದಾಳೆ. ಪುಸ್ತಕದಲ್ಲಿ ಫ್ಯಾನು 1 ಗಂಟೆ ಅಂತ ಇದ್ದದ್ದನ್ನು ಹೊಡೆದು 1 ಗಂಟೆ 30 ನಿಮಿಷ ಅಂತ ತಿದ್ದಿದ್ದೇನೆ. ಮೇಷ್ಟ್ರ ಮೇಜಿನ ಮೇಲಿದೆ, ಯಾರು ಬೇಕಾದರೂ ನೋಡಬಹುದು.