ಸೊಸೆಯ ಭಾಷೆಯ ನಾಲ್ಕು ಮಾತು

ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ವ್ಯಾಕರಣಕ್ಕೇ ಬೆವರು ಸುರಿಸಿದವಳು ನಾನು. ನಲವತ್ತೆಂಟನೇ ವಯಸ್ಸಿನಲ್ಲಿ ಕೊರಿಯನ್ ಕ್ರಿಯಾಪದಗಳನ್ನು ಉರು ಹೊಡೆಯುತ್ತೀಯ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಮ್ಮ ಮಗ ದಕ್ಷಿಣ ಕೊರಿಯಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ಹೋದ ವರ್ಷ ಸೊಸೆ ಮೊದಲ ಸಲ ನಮ್ಮೂರಿಗೆ ಬಂದಳು. ಅವರೂ ಖಾರ ತಿನ್ನುವವರೇ ಅಂತ ಕೇಳಿದ್ದೆನಲ್ಲ, ಹುಳಿ, ಗೊಜ್ಜು, ಚಟ್ನಿಪುಡಿ ಎಲ್ಲ ಧಾರಾಳವಾಗಿ ಬಡಿಸಿದೆ. ಏನು ಕೇಳಿದರೂ ಅವಳದು ಒಂದೇ ಉತ್ತರ, "ಕ್ವೆನ್ಚಾನಾಯೊ." ಪರವಾಗಿಲ್ಲ ಅಂತ ಅರ್ಥವಂತೆ. ಮೂರನೆಯ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದವಳು ಏಳಲಿಲ್ಲ. ಮಗ ಬೆಂಗಳೂರಿಗೆ ಹೋಗಿದ್ದ. ಎಲ್ಲಿ ನೋವು, ಎಷ್ಟು ನೋವು ಎಂದು ಕೇಳಲು ನನ್ನಲ್ಲಿ ಮಾತೇ ಇಲ್ಲ. ಗಂಜಿ ಮಾಡಿಕೊಟ್ಟು, ತಲೆ ಸವರುತ್ತಾ ಕೂತೆ. ಅವತ್ತು ನನಗಾದ ಸಂಕಟ ಅಷ್ಟಿಷ್ಟಲ್ಲ.

ಅವರು ಹೊರಟ ಮೇಲೆ ಮಗಳನ್ನು ಹಿಡಿದು ಕೂರಿಸಿದೆ. "ನಿನ್ನ ಫೋನಿನಲ್ಲಿ ಕೊರಿಯನ್ ಪಾಠ ಹಾಕಿಕೊಡೇ." ಕೈಯಲ್ಲೊಂದು ಗೆರೆಪುಸ್ತಕ. ಅವರ ಲಿಪಿಯನ್ನು ಸೆಜೋಂಗ್ ಎಂಬ ರಾಜ 1443ರಲ್ಲಿ ಸಿದ್ಧಪಡಿಸಿ, 1446ರಲ್ಲಿ ಪ್ರಕಟಿಸಿದನಂತೆ. ಸ್ವರ, ವ್ಯಂಜನಗಳನ್ನು ಜೋಡಿಸಿ ಬರೆಯುವುದು ಕಾಗುಣಿತ ಬಲ್ಲ ನಮಗೆ ಅಷ್ಟು ಕಷ್ಟವಲ್ಲ.

ಕ್ರಿಯಾಪದಗಳ ಮೂಲರೂಪ "ದಾ" ಅಥವಾ "ತಾ" ಎಂದು ಮುಗಿಯುತ್ತದೆ. ಕಾದಾ ಎಂದರೆ ಹೋಗು, ಮೊಕ್ತಾ ಎಂದರೆ ತಿನ್ನು. ಆ ಬಾಲ ತೆಗೆದು ಮರ್ಯಾದೆಯ "ಯೊ" ಹಚ್ಚಿದರೆ ಕಾಯೊ, ಮೊಗೊಯೊ. ನಾನು ಒಗ್ಗರಣೆ ಹಾಕುತ್ತಾ "ಕಾಯೊ, ಕಾಯೊ" ಅಂತ ಉರು ಹೊಡೆಯುತ್ತಿದ್ದರೆ ನಮ್ಮತ್ತೆ, "ಯಾವ ದೇವರನ್ನ ಕರೀತಿದ್ದೀಯೇ?" ಎಂದರು! ನಾನು, ನೀನು, ಅವಳು, ಅವರು, ಯಾರು ಹೋದರೂ ಕಾಯೊ ಒಂದೇ. ಕ್ರಿಯಾಪದ ನಮ್ಮಂತೆಯೇ ವಾಕ್ಯದ ಕೊನೆಗೆ.

ನನಗೆ ಸೋಜಿಗವೆನಿಸಿದ್ದು ಗುಣವಾಚಕಗಳು. ನಾವು ಖಾರ "ಇದೆ", ಖಾರ "ಇತ್ತು" ಅನ್ನುತ್ತೇವೆ. ಅವರಿಗೆ ಆ "ಇದೆ" ಬೇಕಿಲ್ಲ. ಮೆಪ್ತಾ ಎಂದರೇ ಖಾರವಾಗಿರು. ಮೆವೊಯೊ, ಖಾರವಾಗಿದೆ. ಮೆವೊಸ್ಸೊಯೊ, ಖಾರವಾಗಿತ್ತು. ಗುಣವೇ ಕ್ರಿಯಾಪದದಂತೆ ರೂಪ ಬದಲಿಸುತ್ತದೆ. ಖುದಾ ಎಂದರೆ ದೊಡ್ಡದಾಗಿರು. ಹೆಸರಿನ ಮುಂದೆ ಬಂದಾಗ ಅದು ಖುನ್ ಆಗುತ್ತದೆ. ಅಪ್ಪನ ಅಣ್ಣನ ಹೆಂಡತಿ ಅವರಿಗೆ ಖುನ್ ಒಮೊನಿ, ಅಂದರೆ ನಮ್ಮ ದೊಡ್ಡಮ್ಮನೇ! ಅಪ್ಪನ ತಮ್ಮನ ಹೆಂಡತಿ ಚಾಗುನ್ ಒಮೊನಿ, ಚಿಕ್ಕಮ್ಮ. ಇದನ್ನು ಕಲಿತ ದಿನ ಸೊಸೆ ಪಕ್ಕದ ಬೀದಿಯವಳೇ ಅನ್ನಿಸಿಬಿಟ್ಟಿತು.

ಎಡವಟ್ಟೂ ಆಯಿತೆನ್ನಿ. ನಮ್ಮ ಹಾಗೆ ಅವರೂ ಊಟವಾಯಿತೇ ಎಂದು ಕ್ಷೇಮ ವಿಚಾರಿಸುವವರು. ಬೀಗಿತ್ತಿ ಫೋನಿನಲ್ಲಿ ಕಂಡೊಡನೆ ಉತ್ಸಾಹದಿಂದ "ಪಾಪ್ ಮೊಗೊಸ್ಸೊ?" ಎಂದೆ. ಕೊನೆಯ "ಯೊ" ಬಿಟ್ಟುಹೋಗಿ ಅದು "ಊಟ ಮಾಡಿದ್ಯಾ?" ಎಂದು ಏಕವಚನದಲ್ಲಿ ಗದರಿದ ಹಾಗಾಯಿತು. ಮಗ ತಲೆ ಚಚ್ಚಿಕೊಂಡ. ಆಕೆ ಹೊಟ್ಟೆ ತುಂಬ ನಕ್ಕರು, ಸದ್ಯ. ಅಂಥವರಿಗೆ "ಶಿಕ್ಸಾ ಹಾಶ್ಯೊಸ್ಸೊಯೊ?" ಎನ್ನಬೇಕಂತೆ.

ಈಗ ಸೊಸೆಗೆ ಏಳು ತಿಂಗಳು. ಹೋದ ವಾರ ಮುಖ ಬಾಡಿದಂತೆ ಕಂಡಿತು. ಹೇಗಿದ್ದೀಯಾ ಎಂದರೆ ಮತ್ತದೇ "ಕ್ವೆನ್ಚಾನಾಯೊ." ನಾನು ಬಿಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ತೋರಿಸಿ, "ಆಫಾಯೊ?" ಎಂದೆ. ನೋವಾ ಅಂತ. ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಕಣ್ಣು ತುಂಬಿಕೊಂಡು, "ಆಫಾಯೊ, ಒಮೊನಿಮ್" ಎಂದಳು. ಒಮೊನಿಮ್ ಎಂದರೆ ಅತ್ತೆಯನ್ನು ಮರ್ಯಾದೆಯಿಂದ ಅಮ್ಮ ಎನ್ನುವುದು.

ಮಗನನ್ನು ಕರೆದು ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದೆ. ಗಾಬರಿಯಿಲ್ಲ, ವಿಶ್ರಾಂತಿ ಬೇಕು ಎಂದರಂತೆ. ನನ್ನ ಗೆರೆಪುಸ್ತಕದಲ್ಲಿ ಇನ್ನೂ ಅರವತ್ತು ಮಾತೂ ತುಂಬಿಲ್ಲ. ಆದರೆ ಸೊಸೆ ನನ್ನೆದುರು "ಪರವಾಗಿಲ್ಲ" ಎನ್ನುವುದನ್ನು ಬಿಟ್ಟಿದ್ದಾಳೆ. ನನಗೆ ಅಷ್ಟು ಸಾಕು.